ಹವಳದ ಮೇಲೆ ತೇಲುತ್ತಾ

ಲಕ್ಷದ್ವೀಪದ ಅಗತ್ತಿಯಿಂದ ಬಂಗಾರಂ ದ್ವೀಪಕ್ಕೆ ದೋಣಿಯಲ್ಲಿ ಹೋಗುವಾಗ ಮೊದಲು ಕಣ್ಣಿಗೆ ಬೀಳುವುದು ನೀರಿನ ಬಣ್ಣ. ಹೊರಗಡಲು ಕಡುನೀಲಿ, ಹವಳದ ದಿಬ್ಬ ದಾಟಿ ಒಳಬಂದರೆ ತಿಳಿಹಸಿರು, ಅಲೆಯ ಅಬ್ಬರವಿಲ್ಲ. ಸ್ನಾರ್ಕೆಲಿಂಗ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಕಣ್ಣಿಗೆ ಮಾಸ್ಕ್, ಬಾಯಲ್ಲಿ ಉಸಿರಿನ ಕೊಳವೆ ಇಟ್ಟುಕೊಂಡು ಬೋರಲು ಮಲಗಿದರೆ ಉಪ್ಪುನೀರೇ ನಮ್ಮನ್ನು ಹೊರುತ್ತದೆ. ಕೈಕಾಲು ಬಡಿದರೆ ಮೀನುಗಳು ಓಡುತ್ತವೆ. ಸುಮ್ಮನಿದ್ದರೆ ಹತ್ತಿರ ಬರುತ್ತವೆ. ಮೈ ಪೂರ್ತಿ ಸಡಿಲ, ಕಣ್ಣು ಮಾತ್ರ ಎಚ್ಚರ. ನಿದ್ದೆಯೂ ಕೊಡದ ವಿಶ್ರಾಂತಿ ಅದು.

ಕಿವಿಗೊಟ್ಟರೆ ಕಟಕಟ ಸದ್ದು. ಗಿಳಿಮೀನು ಕೊಕ್ಕಿನಂಥ ಹಲ್ಲುಗಳಿಂದ ಹವಳದ ಕಲ್ಲನ್ನು ಕೆರೆಯುತ್ತಿರುತ್ತದೆ. ಕಲ್ಲಿಗಂಟಿದ ಪಾಚಿ ಅದರ ಊಟ. ಅರೆದ ಕಲ್ಲು ಬಿಳಿ ಮರಳಾಗಿ ಹೊರಬೀಳುತ್ತದೆ. ನಾವು ಬೆನ್ನು ಚಾಚುವ ದಂಡೆಯಲ್ಲಿ ಆ ಮೀನಿನ ಪಾಲೂ ಇದೆ!

ಈ ದ್ವೀಪಗಳನ್ನು ಕಟ್ಟಿದ್ದೇ ಹವಳದ ಪುಟ್ಟ ಜೀವಿಗಳು. ಕಡಲು ಅತಿಯಾಗಿ ಬಿಸಿಯಾದರೆ ಅವು ತಮ್ಮೊಳಗೆ ಬದುಕುವ ಪಾಚಿಯನ್ನು ಹೊರಹಾಕಿ ಬಿಳಚಿಕೊಳ್ಳುತ್ತವೆ. 1998ರಲ್ಲಿ ಇಲ್ಲಿ ಹಾಗಾಯಿತು. 2010, 2016ರಲ್ಲಿ ಮತ್ತೆ. ಚೇತರಿಕೆಗೆ ವರ್ಷಗಳೇ ಬೇಕು. ಹಾಗಾಗಿ ತೇಲುವಾಗ ದಣಿದು ಕಾಲೂರಬೇಕೆನಿಸಿದರೆ ಹವಳದ ಮೇಲೆ ಖಂಡಿತ ಬೇಡ; ಬರಿ ಮರಳಿರುವ ಕಡೆಗೆ ತೇಲಿ ಹೋಗಿ ನಿಲ್ಲಿ.