ಹೊನೊಲುಲು: ಕಡಲಿನಿಂದ ಕಣಿವೆಯ ತಲೆಯವರೆಗೆ



ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಸಮೂಹದಲ್ಲಿ ಒವಾಹು ಒಂದು ದ್ವೀಪ. ಅದರ ದಕ್ಷಿಣ ತೀರದ ನಗರ ಹೊನೊಲುಲು. ಮಾರ್ಗದರ್ಶಕನೊಡನೆ ವ್ಯಾನಿನಲ್ಲಿ ಹೊರಟ ಪ್ರವಾಸಿಯು ಅರ್ಧ ದಿನದಲ್ಲಿ ಕಡಲನ್ನೂ ಬೆಟ್ಟವನ್ನೂ ಕಂಡು ಮರಳಬಲ್ಲನು. ಆ ದಾರಿ ಕಣ್ಣಿಗೆ ಹಬ್ಬ. ಕಾಡು ಮತ್ತು ನೀರಿನ ಚರಿತ್ರೆಯ ಪಾಠವೂ ಹೌದು.

ಮೊದಲು ಸಿಗುವುದು ವೈಕಿಕಿ ಕಡಲತೀರ. ಬಹುಮಹಡಿ ಹೋಟೆಲುಗಳು ನಿಂತಿರುವ ಈ ನೆಲ ಹಿಂದೆ ಜೌಗುಭೂಮಿಯಾಗಿತ್ತು. ಬೆಟ್ಟದಿಂದಿಳಿದ ತೊರೆಗಳ ನೀರಿನಲ್ಲಿ ಹವಾಯಿಯ ಜನ ಇಲ್ಲಿ ಕೆಸುವನ್ನು ಬೆಳೆಯುತ್ತಿದ್ದರು. ಮಲೆನಾಡಿನವರು ಪತ್ರೊಡೆಗೆ ಬಳಸುವ ಕೆಸುವಿನ ಜಾತಿಯೇ ಅದು. ಅದರ ಗೆಡ್ಡೆಯೇ ಅವರಿಗೆ ಅನ್ನ. 1920ರ ದಶಕದಲ್ಲಿ ಅಲಾ ವೈ ಕಾಲುವೆಯನ್ನು ತೋಡಿ ನೀರನ್ನು ಬಸಿದು, ಗದ್ದೆಗಳನ್ನು ಮುಚ್ಚಲಾಯಿತು.

ಅಲ್ಲಿಂದ ವಾಹನವು ರೌಂಡ್ ಟಾಪ್ ರಸ್ತೆಯ ತಿರುವುಗಳನ್ನು ಏರುತ್ತದೆ. ಮೇಲಿನ ವೀಕ್ಷಣಾ ಸ್ಥಳಕ್ಕೆ ಹವಾಯಿ ಭಾಷೆಯಲ್ಲಿರುವ ಹೆಸರಿನ ಅರ್ಥ ‘ಉರುಳುವ ಗೆಣಸಿನ ಗುಡ್ಡ’. ಡೈಮಂಡ್ ಹೆಡ್ ಜ್ವಾಲಾಮುಖಿಯ ಬಾಯಿ, ನಗರ, ಸಾಗರ ಎಲ್ಲವೂ ಅಲ್ಲಿಂದ ಒಂದೇ ನೋಟಕ್ಕೆ ದಕ್ಕುತ್ತವೆ. ವೈಕಿಕಿಯಲ್ಲಿ ವರ್ಷಕ್ಕೆ 30 ಅಂಗುಲಕ್ಕೂ ಕಡಿಮೆ ಮಳೆ; ಕೆಲವೇ ಕಿಲೋಮೀಟರ್ ಆಚೆ ಮನೋವಾ ಕಣಿವೆಯ ತಲೆಯಲ್ಲಿ 150 ಅಂಗುಲಕ್ಕೂ ಮಿಗಿಲು. ಬೆಟ್ಟದಲ್ಲಿ ಇಂಗಿ ಅಂತರ್ಜಲವಾದ ಮಳೆಯೇ ನಗರದ ಕುಡಿಯುವ ನೀರು.

ಸುತ್ತಲೂ ದಟ್ಟ ಹಸುರಿದೆ. ಆದರೆ ಅದರ ಬಹುಪಾಲು ಮೂಲದ ಕಾಡಲ್ಲ. 19ನೆಯ ಶತಮಾನದ ಆರಂಭದಲ್ಲಿ ಹವಾಯಿಯ ಗಂಧದ ಮರ ಹಡಗೇರಿ ಚೀನಾದ ಕ್ಯಾಂಟನ್ ಸೇರಿತು. ನಾಡಿನ ಮುಖಂಡರು ವಿದೇಶಿ ವರ್ತಕರಲ್ಲಿ ಮಾಡಿದ್ದ ಸಾಲವನ್ನು ತೀರಿಸಲು 1826ರಲ್ಲಿ ಪ್ರತಿ ಗಂಡಸಿನ ಮೇಲೆ ಸುಮಾರು 30 ಕಿಲೋ ಗಂಧ ಅಥವಾ 4 ಡಾಲರ್ ತೆರಿಗೆಯನ್ನು ಹೇರಲಾಯಿತು. ಗದ್ದೆಯನ್ನು ಬಿಟ್ಟು ಬೆಟ್ಟ ಹತ್ತಿದವರು ಸಾಲ ಮಾಡದ ಬಡವರು. 1793ರಲ್ಲಿ ನಾವಿಕ ವ್ಯಾಂಕೂವರ್ ದ್ವೀಪಗಳಿಗೆ ತಂದ ದನಗಳ ಸಂತತಿ ಹೆಚ್ಚಿ, ಚಿಗುರುವ ಸಸಿಗಳನ್ನೂ ಮೇಯ್ದಿತು. ಬೋಳಾದ ಗುಡ್ಡಗಳಿಂದ ನೀರಿಗೆ ಕುತ್ತು ಬಂದಾಗ, 1903ರಲ್ಲಿ ಮೀಸಲು ಅರಣ್ಯಗಳಿಗಾಗಿ ಕಾನೂನು ರೂಪುಗೊಂಡಿತು. ಬೇಗ ಬೆಳೆಯುವ ನೀಲಗಿರಿ ಮೊದಲಾದ ಪರದೇಶದ ಮರಗಳನ್ನು ನೆಡಲಾಯಿತು. ಮಣ್ಣು ಉಳಿಯಿತು, ಮೂಲದ ಕಾಡು ಮರಳಲಿಲ್ಲ.

ಮಲೆನಾಡನ್ನು ಕಾಡುವ ಲಂಟಾನವೂ ಅಲ್ಲುಂಟು. 1858ರಲ್ಲಿ ಅದನ್ನು ತೋಟದ ಅಂದಕ್ಕೆಂದು ತಂದವರು ಹೊನೊಲುಲುವಿನ ವೈದ್ಯ ಹಿಲ್ಲೆಬ್ರಾಂಡ್. 1865ರಲ್ಲಿ ಬೆಳೆಯ ಹುಳುಗಳನ್ನು ತಿನ್ನಲೆಂದು ಭಾರತದಿಂದ ಮೈನಾ ಹಕ್ಕಿಯನ್ನು ತರಿಸಿದವರೂ ಅವರೇ. ಮೈನಾ ಲಂಟಾನದ ಹಣ್ಣನ್ನೂ ತಿಂದು ಬೀಜವನ್ನು ಗುಡ್ಡಗುಡ್ಡಕ್ಕೆ ಹರಡಿತು.

ಪ್ರಯಾಣದ ಮತ್ತೊಂದು ಘಟ್ಟ ನುವುವಾನು ಪಾಲಿ. ಸುಮಾರು 1,200 ಅಡಿ ಎತ್ತರದ, ಗಾಳಿ ಬಡಿಯುವ ಬಂಡೆಯಂಚು. 1795ರಲ್ಲಿ ಕಮೆಹಮೆಹನ ಸೈನ್ಯವು ಎದುರಾಳಿಗಳನ್ನು ಈ ಪ್ರಪಾತಕ್ಕೆ ತಳ್ಳಿತು. ಆ ಯುದ್ಧಕ್ಕೆ ಸ್ಮಾರಕಫಲಕವಿದೆ. ಕಡಿದ ಗಂಧದ ಮರಗಳನ್ನು ಮಾತ್ರ ಕೇಳಿಯೇ ತಿಳಿಯಬೇಕು.

ಅಕೇಶಿಯಾ ನೆಡುತೋಪನ್ನು ಕಾರಿನ ಕಿಟಕಿಯಿಂದ ಕಂಡು ಕಾಡೆಂದು ಕೊಂಡಾಡುವ ಪ್ರವಾಸಿಗರು ಮಲೆನಾಡಿಗೂ ಬರುತ್ತಾರೆ. ಅವರಿಗೆ ದಾರಿ ತೋರುವ ವಿದ್ಯಾರ್ಥಿಗಳು ಮೂರು ಸಂಗತಿ ತಿಳಿದಿರಲಿ: ಈ ಮರ ಯಾವುದು, ನೆಟ್ಟವರು ಯಾರು, ಇದರ ಬುಡದಲ್ಲಿ ಇಂಗಿದ ನೀರು ಯಾರ ಬಾವಿಗೆ ಸೇರುತ್ತದೆ.