ನಾಯಿ ಚೀಲದ ಬ್ಯಾಚ್ ನಂಬರ್ ಯಾಕ ಬೇಕು?

ಗಾಣಗಾಪುರದಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ನಾಯಿ ಊಟ. ನಗಬ್ಯಾಡ್ರಿ. ಇಯರ್‌ಫೋನ್ ಹಾಕ್ಕೊಂಡು ಒಂದ್ ಎಂಟ್ಹತ್ತು ನಿಮಿಷ ಕೇಳ್ರಿ. ಮಾತು ನಾಯಿ ತಟ್ಟೆಯಿಂದ ಶುರುವಾಗಿ ನಿಮ್ಮ ತಾಟಿನ ತನಕ ಬರ್ತದ.

ನಮ್ಮೂರಾಗ ನಾಯಿಗೆ ಒಂದು ಮರ್ಯಾದಿ ಅದ. ದತ್ತಾತ್ರೇಯರ ಫೋಟೋ ನೋಡ್ರಿ, ಕಾಲ ಹತ್ರ ನಾಲ್ಕು ನಾಯಿ. ಅವು ನಾಲ್ಕು ವೇದ ಅಂತ ಹಿರಿಯರು ಹೇಳ್ತಾರ. ಮಧ್ಯಾಹ್ನ ಮಧುಕರಿಗೆ ಹೊಂಟ ಭಕ್ತರ ಜೋಳಿಗೆಯಿಂದ ಒಂದು ತುಂಡು ರೊಟ್ಟಿ ಬೀದಿನಾಯಿಗೂ ಸಿಗ್ತದ. ಆದರ ಈಗ ಮನ್ಯಾಗ ಸಾಕೋ ನಾಯಿ ಜಾಸ್ತಿ ಆಗ್ಯಾವ. ಕಂಪನಿ ಯಾವುದೇ ಇರಲಿ, ಮಂದಿ ಅದಕ್ಕ ‘ಪೆಡಿಗ್ರಿ’ ಅಂತಾರ. ಪೂರ್ತಿ ಚೀಲ ತಗೊಳ್ಳಾಕ ರೊಕ್ಕ ಜಾಸ್ತಿ. ಹಂಗಾಗಿ ಅಂಗಡಿಯವರು ದೊಡ್ಡ ಚೀಲ ಬಿಚ್ಚಿ, ಅರ್ಧ ಕಿಲೋ, ಒಂದ್ ಕಿಲೋ ತೂಗಿ, ಪ್ಲಾಸ್ಟಿಕ್ ಕವರಿನಾಗ ಗಂಟು ಹಾಕಿ ಕೊಡ್ತಾರ. ಆ ಕವರಿನ ಮ್ಯಾಲ ಹೆಸರಿಲ್ಲ, ತಾರೀಖಿಲ್ಲ, ಬ್ಯಾಚ್ ನಂಬರ್ ಇಲ್ಲ.

ನಾನು ಓದಿದ್ದು ಬಿ.ಕಾಂ. ಹಂಗಾಗಿ ನನ್ನ ಕಣ್ಣು ಮೊದಲು ರಜಿಸ್ಟರ್ ಕಡೆ ಹೋಗ್ತದ. ಕಂಪನಿಯವರು ‘ಈ ಮಾಲು ವಾಪಸ್ ಕೊಡ್ರಿ’ ಅಂತ ಹೇಳೋದಕ್ಕ ರೀಕಾಲ್ ಅಂತಾರಲ್ಲ, ಅದು ಒಂದು ಲೆಕ್ಕದ ಕೆಲಸ. ಯಾವ ದಿನ ಯಾವ ಬ್ಯಾಚ್ ತಯಾರಾಯ್ತು, ಯಾವ ಡೀಲರ್‌ಗೆ ಹೋಯ್ತು, ಯಾವ ಅಂಗಡಿಗೆ ಇಳೀತು ಅನ್ನೋದು ಬರೆದಿಟ್ಟಿದ್ರ ಮಾತ್ರ ವಾಪಸ್ ತರಿಸಬಹುದು. ಬಿಡಿ ಮಾಲು ತಂದವರಿಗೆ ಆ ಸುದ್ದಿ ಮುಟ್ಟಿದರೂ ಅದು ತಮ್ಮ ಮನೆಯ ಮಾಲೇ ಹೌದೋ ಅಲ್ಲೋ ಗೊತ್ತಾಗೋದಿಲ್ಲ.

ಇಂಥ ದೊಡ್ಡ ರೀಕಾಲ್ ಒಂದು 2007ರ ಮಾರ್ಚ್ 16ರಂದು ಶುರುವಾಯಿತು. ಕೆನಡಾದ ಮೆನು ಫುಡ್ಸ್ ಅನ್ನೋ ಕಂಪನಿ 6 ಕೋಟಿ ಡಬ್ಬಿ ಮತ್ತು ಪೌಚುಗಳನ್ನು ವಾಪಸ್ ಕರೆಯಿತು. ಅದನ್ನು ತಿಂದ ಬೆಕ್ಕು ನಾಯಿಗಳ ಕಿಡ್ನಿ ಕೈಕೊಡ್ತಿದ್ದವು. ಚೀನಾದಿಂದ ಬಂದ ಗೋಧಿ ಗ್ಲುಟೆನ್ ಪುಡಿಯಲ್ಲಿ ಮೆಲಮೈನ್ ಸಿಕ್ಕಿತು. ಪ್ಲಾಸ್ಟಿಕ್ ತಟ್ಟೆ ಮಾಡೋಕೆ ಬಳಸೋ ರಾಸಾಯನಿಕ ಅದು.

ಊಟದ ಪುಡಿಗೆ ಅದನ್ನ ಯಾಕ ಹಾಕ್ತಾರ? ಪುಡಿಯ ರೇಟು ಅದರಾಗಿನ ಪ್ರೋಟೀನ್ ಮ್ಯಾಲ ನಿಂತದ. ಲ್ಯಾಬಿನವರು ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯೋದಿಲ್ಲ. ನೈಟ್ರೋಜನ್ ಅಳೆದು, ಅದನ್ನು 6.25ರಿಂದ ಗುಣಿಸಿ, ‘ಇಷ್ಟು ಪ್ರೋಟೀನ್’ ಅಂತ ಬರೀತಾರ. ಮೆಲಮೈನ್ ತೂಕದಲ್ಲಿ ಶೇ. 66ರಷ್ಟು ನೈಟ್ರೋಜನ್ನೇ. ಒಂದು ಹಿಡಿ ಬೆರೆಸಿದರೆ ರಿಪೋರ್ಟಿನಾಗ ಪ್ರೋಟೀನ್ ಏರ್ತದ, ರೇಟೂ ಏರ್ತದ. ನಾವು ಕಾಮರ್ಸಿನವರು ಇದಕ್ಕ ವಿಂಡೋ ಡ್ರೆಸ್ಸಿಂಗ್ ಅಂತೀವಿ. ಬ್ಯಾಲೆನ್ಸ್ ಶೀಟ್ ಚಂದ ಕಾಣ್ತದ, ಒಳಗ ಏನೂ ಇರೋದಿಲ್ಲ. ಇಲ್ಲಿ ಮಾತ್ರ ಒಳಗ ವಿಷ ಇತ್ತು. ಮೆಲಮೈನ್ ಜೊತೆಗೆ ಸೈಯನ್ಯೂರಿಕ್ ಆಮ್ಲವೂ ಸೇರಿ ಕಿಡ್ನಿಯೊಳಗೆ ಹರಳು ಕಟ್ಟುತ್ತಿತ್ತು.

ಇದರ ಹಿಂದು ಮುಂದು ಇರೋ ಎರಡು ವರ್ಷಗಳನ್ನ ನೋಡ್ರಿ. 2004ರಲ್ಲೇ ಏಷ್ಯಾದ ಕೆಲವು ದೇಶಗಳಲ್ಲಿ ನಾಯಿ ಬೆಕ್ಕುಗಳಿಗೆ ಹೀಗೇ ಕಿಡ್ನಿ ಹೋಗಿತ್ತು. 2007ರಲ್ಲಿ ಆ ಹಳೇ ಮಾದರಿಗಳನ್ನು ಮತ್ತೆ ತೆಗೆದು ನೋಡಿದಾಗ ಅವೇ ಹರಳು ಕಂಡವು. ಮುಂದೆ 2008ರಲ್ಲಿ ಚೀನಾದ ಮಕ್ಕಳ ಹಾಲಿನ ಪುಡಿಯಲ್ಲೇ ಮೆಲಮೈನ್ ಸಿಕ್ಕಿತು. ಸುಮಾರು 3 ಲಕ್ಷ ಮಕ್ಕಳು ಆರೋಗ್ಯ ಕೆಡಿಸಿಕೊಂಡರು, 6 ಕೂಸುಗಳು ಸತ್ತವು. ಭಾರತ ಚೀನಾದ ಹಾಲಿನ ಪದಾರ್ಥಗಳನ್ನು ನಿಷೇಧಿಸಿದ್ದು ಆಗಲೇ. ಅದೇ ಮೋಸ, ಅದೇ ಲೆಕ್ಕ. ನಾಲ್ಕು ವರ್ಷ ಮೊದಲೇ ನಾಯಿ ಬೆಕ್ಕು ಸಾಕ್ಷಿ ಹೇಳಿದ್ದವು.

ಮೆಲಮೈನ್ ಬೇಕಂತ ಹಾಕೋದು. ತಾನಾಗೇ ಬರೋ ವಿಷ ಇನ್ನೊಂದು ಅದ, ಬೂಷ್ಟಿನದು. ಶೇಂಗಾ, ಗೋವಿನಜೋಳ, ಹತ್ತಿಕಾಳಿನ ಹಿಂಡಿ ಹಸಿಯಾಗಿ ಬೂಷ್ಟು ಹಿಡಿದಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟಬಹುದು. ಅದು ಯಕೃತ್ತನ್ನ ತಿಂತದ. ಮನ್ಯಾಗ ಕುದಿಸಿದರೂ ಬೇಯಿಸಿದರೂ ಪೂರ್ತಿ ಹೋಗೋದಿಲ್ಲ. ಅಮೆರಿಕದಲ್ಲಿ 2020ರ ಡಿಸೆಂಬರ್ ಕೊನೆಗೆ ಸ್ಪೋರ್ಟ್‌ಮಿಕ್ಸ್ ಅನ್ನೋ ನಾಯಿ ಊಟ ವಾಪಸ್ ಕರೆಸಿದ್ದು ಇದಕ್ಕೇ. ಅದಕ್ಕೆ ಸಂಬಂಧ ಇರಬಹುದಾದ ನಾಯಿಗಳ ಸಾವು ಮುಂದಿನ ತಿಂಗಳೇ ನೂರು ದಾಟಿದವು. ಅಲ್ಲಿ ಸಾಕುಪ್ರಾಣಿ ಊಟಕ್ಕೆ ಇಟ್ಟ ಮಿತಿ 20 ಪಿಪಿಬಿ. ಅಂದರೆ ಒಂದು ಟನ್ ಮಾಲಿನಲ್ಲಿ 20 ಮಿಲಿಗ್ರಾಂ. ಅಷ್ಟು ಸಣ್ಣದು ಕಣ್ಣಿಗೂ ಕಾಣಲ್ಲ, ಮೂಗಿಗೂ ಹತ್ತಲ್ಲ.

‘ಅದೆಲ್ಲ ಅಮೆರಿಕದ ಮಾತು’ ಅಂತೀರಾ? 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಕಡೆಯ ಹಳ್ಳಿಗಳಲ್ಲಿ ಮಂದಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ವೈದ್ಯರು ಲೆಕ್ಕಕ್ಕೆ ತಂದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಅಕಾಲದ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಅವರು ತಿಂದಿದ್ದರು. ಆ ಹಳ್ಳಿಗಳ ನಾಯಿಗಳಿಗೂ ಅದೇ ರೋಗ ಬಂದು ಸತ್ತವು. ಒಂದೇ ಮನೆ, ಒಂದೇ ರೊಟ್ಟಿ.

ಇನ್ನೂ ಹತ್ರ ಬರ್ರಿ. 1995ರಲ್ಲಿ ನಮ್ಮ ದಖ್ಖನ್ ಸೀಮೆಯ 27 ಹಳ್ಳಿಗಳಲ್ಲಿ ಮಳೆಗೆ ನೆಂದು ಕೆಟ್ಟ ಜೋಳ ಮತ್ತು ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಆಯ್ತು. ಕಾರಣ ಫ್ಯುಮೋನಿಸಿನ್ ಅನ್ನೋ ಇನ್ನೊಂದು ಬೂಷ್ಟಿನ ವಿಷ. ಜೋಳ ಅಂದರ ನಮ್ಮ ದಿನದ ರೊಟ್ಟಿ ಅಲ್ಲೇನ್ರಿ?

ಮಾಲು ಕೆಟ್ಟಾಗ ನಮ್ಮ ಕಡೆ ಒಂದು ಮಾತು ಅದ: ‘ಮಂದಿ ತಿನ್ನಂಗಿಲ್ಲ, ದನಕ್ಕ ಹಾಕ್ರಿ, ನಾಯಿಗ ಹಾಕ್ರಿ.’ ದನಕ್ಕೆ ಹಾಕಿದ ಬೂಷ್ಟು ಹಿಂಡಿಯ ವಿಷ ರೂಪ ಬದಲಿಸಿ ಹಾಲಿಗೆ ಬರ್ತದ. ಎಫ್‌ಎಸ್‌ಎಸ್‌ಎಐ 2019ರಲ್ಲಿ ಹೊರಗೆ ತಂದ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿ ನೋಡಿದ್ದರು. ಶೇ. 5.7ರಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಹಂಗಾಗಿ ದನಕ್ಕ ಹಾಕಿದ್ದು ಸಂಜೀ ಚಹಾದಾಗ ವಾಪಸ್ ಬರ್ತದ.

ಈಗ ಕಾನೂನು. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ‘ಆಹಾರ’ ಅಂದರೆ ಮನುಷ್ಯರು ತಿನ್ನೋದು. ಪಶು ಆಹಾರ ಅದರಿಂದ ಹೊರಗೆ. 2017ರಲ್ಲಿ ಬಂದ ಆಹಾರ ರೀಕಾಲ್ ನಿಯಮಗಳೂ ಅದೇ ಕಾಯ್ದೆಯ ಕೆಳಗೆ ಬರ್ತಾವ, ಅಂದಮ್ಯಾಲ ನಾಯಿ ಊಟಕ್ಕೆ ಅವು ಹತ್ತೋದಿಲ್ಲ. ನಾಯಿ ಬೆಕ್ಕಿನ ಊಟಕ್ಕೆ ಬಿಐಎಸ್ ಮಾನದಂಡ ಒಂದು ಅದ, ಐಎಸ್ 11968. ಆದರೆ ಆ ಗುರುತು ಪಡೆಯೋದು ಕಂಪನಿಯ ಇಷ್ಟ. ಉಳಿದಿರೋ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಅಪಾಯದ ಮಾಲು ವಾಪಸ್ ತರಿಸೋ ಅಧಿಕಾರ ಅದರ ಕೇಂದ್ರ ಪ್ರಾಧಿಕಾರಕ್ಕೆ ಅದ. ಗ್ರಾಹಕ ಸಹಾಯವಾಣಿ 1915. ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದೊಳಗಿನ ಬೆಲೆ ಕೊಟ್ಟು ತಂದ ಮಾಲಿನ ದೂರಿಗೆ ಫೀಸಿಲ್ಲ. ಆದರೆ ಅಲ್ಲಿ ಹೋದರೆ ಕೇಳೋದು ಎರಡೇ: ಬಿಲ್ ಎಲ್ಲಿ? ಚೀಲ ಎಲ್ಲಿ?

ಹಂಗಾದ್ರ ಏನು ಮಾಡಬೇಕು? ಸಣ್ಣ ಕೆಲಸಗಳೇ. ಸೀಲ್ ಇರೋ ಸಣ್ಣ ಪ್ಯಾಕೆಟ್ ತಗೊಳ್ರಿ. ಬಿಡಿ ಮಾಲೇ ಬೇಕು ಅಂದ್ರ, ತೂಗೋ ಮೊದಲು ದೊಡ್ಡ ಚೀಲದ ಬ್ಯಾಚ್ ನಂಬರ್, ತಾರೀಖಿನ ಫೋಟೋ ಹೊಡ್ಕೊಳ್ರಿ. ಅಂಗಡಿ ಕಾಕಾ ಬೈಯ್ಯೋದಿಲ್ಲ, ‘ಯಾಕೋ ತಮ್ಮಾ?’ ಅಂತ ಕೇಳಬಹುದು. ಹೇಳ್ರಿ. ಅವರಿಗೂ ಗೊತ್ತಾಗಲಿ. ಬಿಲ್ ಬರೆಸ್ಕೊಳ್ರಿ. ಮನೆಗೆ ತಂದದ್ದನ್ನ ಒಣ ಜಾಗದಾಗ ಮುಚ್ಚಿಡ್ರಿ, ಊಟ ಮುಗಿಯೋ ತನಕ ಚೀಲ ಒಗೀಬ್ಯಾಡ್ರಿ. ಬೂಷ್ಟು ಹಿಡಿದ ರೊಟ್ಟಿ, ಕಾಳು ಯಾರಿಗೂ ಹಾಕಬ್ಯಾಡ್ರಿ.

ನಾಯಿ ಊಟ ಬಿಟ್ಟಿತು, ವಾಂತಿ ಮಾಡ್ತದ, ಸುಸ್ತಾಗಿ ಬಿದ್ದದ, ಕಣ್ಣು ಅಥವಾ ಒಸಡು ಹಳದಿ ಆಗ್ಯಾವ ಅಂದ್ರ ನಾಳೆ ನೋಡೋಣ ಅನ್ನಬ್ಯಾಡ್ರಿ. ಆ ಊಟ ನಿಲ್ಲಿಸಿ, ಒಂದು ಹಿಡಿ ತೆಗೆದಿಟ್ಟು, ಪಶು ವೈದ್ಯರ ಹತ್ರ ಹೋಗ್ರಿ. ಪಶು ಇಲಾಖೆಯ ಸಹಾಯವಾಣಿ 1962. ಏನು ತಿಂದಿತ್ತು ಅಂತ ವೈದ್ಯರಿಗೆ ನೀವಾಗೇ ಹೇಳ್ರಿ, ಬರೆಸ್ರಿ. ಒಂದು ನಾಯಿ ಸತ್ತರೆ ‘ಆಯಸ್ಸು ಮುಗೀತು’ ಅಂತ ಎಲ್ಲರೂ ಸುಮ್ಮನಾಗ್ತಾರ. ಒಂದೇ ಬ್ಯಾಚಿನ ಊಟ ತಿಂದ ಹತ್ತು ನಾಯಿಗಳ ಹೆಸರು ಕಾಗದದ ಮ್ಯಾಲ ಬಂದಾಗ ಮಾತ್ರ ಯಾರಾದರೂ ಚೀಲ ಬಿಚ್ಚಿ ನೋಡ್ತಾರ. ಆ ಚೀಲದ ಜೋಳ ಬೆಳೆದ ಹೊಲದ್ದೇ ಇನ್ನೊಂದು ಚೀಲ ಯಾರದ್ದೋ ಗಿರಣಿಗೆ ಹಿಟ್ಟಾಗಾಕ ಹೋಗಿರಬಹುದು.

ನಿಮ್ಮೂರ ಅಂಗಡಿಯಾಗ ಬಿಡಿ ಮಾಲು ಹೆಂಗ ಮಾರ್ತಾರ, ಕೇಳಿದ್ರ ಏನಂತಾರ, ವಾಯ್ಸ್ ನೋಟ್ ಕಳಸ್ರಿ. ಮುಂದಿನ ವಾರ ದನದ ಹಿಂಡಿ ಬಗ್ಗೆ ಮಾತಾಡೋಣ. ಬರ್ತೀನ್ರಿ.