ಬಿಸಿನೀರಿನ ಜಾಡು: ಕದ್ರಾ ಜಲಾಶಯದ ಒಂದು ಲೆಕ್ಕ



ಕಾಳಿ ನದಿಯ ದಂಡೆಯ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಇದು ತಂತಿಗೆ ಸೇರುವ ಲೆಕ್ಕ. ನೀರಿಗೆ ಸೇರುವ ಲೆಕ್ಕ ಬೇರೆ. ಉತ್ಪತ್ತಿಯಾದ ಶಾಖದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದನ್ನು ಹೊತ್ತೊಯ್ಯುವುದು ಕದ್ರಾ ಜಲಾಶಯದ ನೀರು. ಒಂದು ಘಟಕಕ್ಕೆ ಈ ಹೊರೆ ಸುಮಾರು 500 ಮೆಗಾವಾಟ್. ನೀರು 10 ಡಿಗ್ರಿ ಬಿಸಿಯೇರುವುದೆಂದು ಇಟ್ಟುಕೊಂಡರೆ, ಸೆಕೆಂಡಿಗೆ ಸುಮಾರು 12 ಸಾವಿರ ಲೀಟರ್ ಹರಿಯಬೇಕಾಗುತ್ತದೆ.

ಹೀಗೆ ಮರಳಿದ ನೀರು ಎಲ್ಲಿಗೆ ಹರಡೀತೆಂದು ತಿಳಿಯಲು ವಿಜ್ಞಾನಿಗಳು ಗಣಿತದ ಮಾದರಿಯನ್ನು ರಚಿಸುತ್ತಾರೆ. ಜಲಾಶಯವನ್ನು ಸಣ್ಣ ಸಣ್ಣ ಅಂಕಣಗಳಾಗಿ ವಿಭಾಗಿಸಿ, ಮಡಿಯಿಂದ ಮಡಿಗೆ ನೀರು ದಾಟುವಂತೆ, ಪ್ರವಾಹ ಒಯ್ದದ್ದೆಷ್ಟು, ಸುಳಿ ಬೆರೆಸಿದ್ದೆಷ್ಟು, ಗಾಳಿಗೆ ಆರಿಹೋದದ್ದೆಷ್ಟು ಎಂದು ಎಣಿಸುತ್ತಾರೆ. ಬಿಸಿನೀರು ಹಗುರ, ಅದು ಮೇಲೆ ತೆಳುವಾದ ಪದರವಾಗಿ ಹಬ್ಬುತ್ತದೆ. ಮೇಲಿನಿಂದ ತಳದವರೆಗೆ ಒಂದೇ ಉಷ್ಣತೆಯೆಂದು ಭಾವಿಸಿದ ಮಾದರಿಗೆ ಇದು ಕಾಣುವುದೇ ಇಲ್ಲ.

ಎಲ್ಲ ಕಲ್ಮಷಗಳಿಗೂ ಒಂದೇ ಲೆಕ್ಕ ಸಲ್ಲದು. ಶಾಖ ಗಾಳಿಗೆ ಬಿಟ್ಟುಹೋಗುತ್ತದೆ. ಕೊಳವೆಗಳಲ್ಲಿ ಪಾಚಿ ಕಟ್ಟದಂತೆ ಬಳಸುವ ಕ್ಲೋರಿನ್ ಬೇಗ ಕ್ಷಯಿಸುತ್ತದೆ. ಭಾರಜಲ ಸ್ಥಾವರಗಳಲ್ಲಿ ಹುಟ್ಟುವ ಟ್ರೀಷಿಯಂ ಹಾಗಲ್ಲ. ನೀರಿನ ಅಣುವಿನಲ್ಲೇ ಸೇರಿಕೊಂಡು ನೀರು ಹೋದಲ್ಲಿಗೆ ಹೋಗುತ್ತದೆ. ಅದರ ಅರ್ಧಾಯುಷ್ಯ 12 ವರ್ಷಕ್ಕೂ ಮಿಕ್ಕಿದ್ದು.

ಮಾದರಿಯ ಉತ್ತರವನ್ನು ಹೆಚ್ಚಾಗಿ ನಿರ್ಧರಿಸುವುದು ಸಮೀಕರಣವಲ್ಲ, ಅದಕ್ಕೆ ಉಣಿಸಿದ ಹರಿವಿನ ಅಂಕಿ. ಬೇಸಿಗೆಯಲ್ಲಿ ಕದ್ರಾಕ್ಕೆ ಬರುವ ನೀರು ಬಹುಪಾಲು ಮೇಲಿನ ಕೊಡಸಳ್ಳಿ ವಿದ್ಯುದಾಗಾರ ಬಿಟ್ಟದ್ದು. ಅಲ್ಲಿ ಯಂತ್ರಗಳು ನಿಂತ ಹೊತ್ತಿನಲ್ಲಿ ಹಿನ್ನೀರು ಬಹುಮಟ್ಟಿಗೆ ನಿಶ್ಚಲ. ಸ್ಥಾವರಕ್ಕೆ ಮಾತ್ರ ಅಂತಹ ವಿರಾಮವಿಲ್ಲ. ಕೈಗಾದ ಒಂದನೆಯ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ದಾಖಲೆಯನ್ನೇ ನಿರ್ಮಿಸಿತು. ನಡುವೆ ಎರಡು ಪೂರ್ಣ ಬೇಸಿಗೆಗಳು ಕಳೆದವು. ವಾರ್ಷಿಕ ಸರಾಸರಿ ಹರಿವನ್ನು ಹಾಕಿದರೆ ಆಷಾಢದ ನೆರೆ ಈ ಬೇಸಿಗೆಯನ್ನು ಮುಚ್ಚಿಬಿಡುತ್ತದೆ. ಮೀನುಗಳಿಗೆ ಆ ಅನುಕೂಲವಿಲ್ಲ: 25 ಡಿಗ್ರಿಯಲ್ಲಿ ಲೀಟರ್ ನೀರು ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 35 ಡಿಗ್ರಿಯಲ್ಲಿ 7ಕ್ಕೂ ಕಡಿಮೆ.

ಆದ್ದರಿಂದ ಅಹವಾಲು ಸಭೆಗಳಲ್ಲಿ ಬಣ್ಣದ ನಕ್ಷೆ ತೋರಿಸಿದಾಗ, ಅದು ಯಾವ ತಿಂಗಳ, ಯಾವ ಹೊತ್ತಿನ ಹರಿವಿನದೆಂದು ಗ್ರಾಮಸ್ಥರು ಕೇಳಬೇಕು. ಕೊಡಸಳ್ಳಿಯಿಂದ ಗಂಟೆಗಂಟೆಗೆ ಬಿಟ್ಟ ನೀರಿನ ವಿವರವನ್ನೂ ಬೇಡಬೇಕು. ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆಂಬುದು ಬಲೆ ಬೀಸುವವರಿಗೆ ಗೊತ್ತು. ವಿದ್ಯಾರ್ಥಿಗಳು ಅವರ ದೋಣಿಯಲ್ಲೇ ಹೋಗಿ, ಏಪ್ರಿಲ್-ಮೇ ತಿಂಗಳ ನಸುಕಿನಲ್ಲಿ, ಮೇಲೆ, ನಡುವೆ, ತಳದಲ್ಲಿ ಉಷ್ಣತೆ ಮತ್ತು ಆಮ್ಲಜನಕವನ್ನು ಅಳೆದು ಬರೆದಿಡಬಹುದು.